ಸೊಯ್ಲೊ ಲಾಸುರ್ತೆಗಿಯ ಸ್ವಂತ ಪಿಸ್ತೂಲು

ಐಬಾರಿನಲ್ಲಿ ಹುಟ್ಟಿದವರಿಗೆ ಹಾಲುಹಲ್ಲು ಬೀಳುವ ಮೊದಲೇ ಅರ ಹಿಡಿದು ಕಬ್ಬಿಣ ಉಜ್ಜಲು ಬರುತ್ತದೆ ಎಂದು ಸ್ಪೇನಿನ ಆ ಬಾಸ್ಕ್ ಸೀಮೆಯ ಸುತ್ತಲಿನ ಊರುಗಳವರು ಹೇಳುತ್ತಾರೆ. ಶುದ್ಧ ಸುಳ್ಳು. ಸೊಯ್ಲೊ ಲಾಸುರ್ತೆಗಿಗೆ ಮದುವೆಯಾಗಿ, ತಲೆ ಅರ್ಧ ಬೋಳಾದ ಮೇಲೂ ಅರ ಹಿಡಿಯಲು ಬರುತ್ತಿರಲಿಲ್ಲ ಎಂದು ಸ್ವತಃ ಅವನ ಅಪ್ಪ ಗೆರ್ಗೊರಿಯೊನೇ ಊರು ತುಂಬಾ ಹೇಳಿಕೊಂಡು ತಿರುಗುತ್ತಿದ್ದ.

ಆ ಅಪ್ಪನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗೆರ್ಗೊರಿಯೊ ಪಿಸ್ತೂಲು ಮಾಡುವವನು. ಇನ್ನೂ ಸರಿಯಾಗಿ ಹೇಳುವುದಾದರೆ, ಬೆಲ್ಜಿಯಂನವರು ಒಮ್ಮೆ ಮಾಡಿದ ಪಿಸ್ತೂಲನ್ನು ಮತ್ತೊಮ್ಮೆ ಮಾಡುವವನು. ಊರಿನ ಮುಕ್ಕಾಲು ಜನ ಅದನ್ನೇ ಮಾಡುತ್ತಿದ್ದರು, ಯಾರಿಗೂ ನಾಚಿಕೆಯೇನೂ ಇರಲಿಲ್ಲ. ಕೆಳಗೆ ಕಾರ್ಖಾನೆ, ಮೇಲೆ ಸಂಸಾರ. ಒಂದು ಪಿಸ್ತೂಲು ಪೂರ್ತಿಯಾಗಿ ಒಂದೇ ಮನೆಯಲ್ಲಿ ಹುಟ್ಟುವ ಪದ್ಧತಿಯೂ ಇರಲಿಲ್ಲ. ನಳಿಗೆ ಒಂದು ಮನೆಯದು, ಸ್ಪ್ರಿಂಗು ಇನ್ನೊಂದು ಮನೆಯದು, ಸ್ಕ್ರೂಗಳು ಮತ್ಯಾರದೋ ಅಡುಗೆ ಒಲೆಯ ಪಕ್ಕದಲ್ಲಿ ತಯಾರಾದವು. ಎಲ್ಲ ಬಂದು ಸೇರಿ ಜೋಡಣೆಯಾದ ಮೇಲೆ ಅದರ ಮೈಮೇಲೆ ದೂರದೇಶದ್ದೆಂದು ಕೇಳಿಸುವ ಯಾವುದಾದರೊಂದು ಹೆಸರು ಒತ್ತಿ ಮಾರುತ್ತಿದ್ದರು. ಲಾಸುರ್ತೆಗಿಯವರ ಪಿಸ್ತೂಲಿಗೆ ‘ಮಿಲಾರ್ಡ್’ ಎಂದು ಹೆಸರು. ಹಾಗೆಂದರೇನೆಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಒಂದು ದಿನ ಬಿಲ್ಬಾವೊದಿಂದ ಬಂದ ವ್ಯಾಪಾರಿಯೊಬ್ಬ ಮಿಲಾರ್ಡನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ, “ಇದನ್ನ ಮಾಡಿದ್ದು ಯಾರು?” ಎಂದು ಕೇಳಿದ. “ಬೆಲ್ಜಿಯಂನವರು,” ಎಂದ ಗೆರ್ಗೊರಿಯೊ ಎದೆಯುಬ್ಬಿಸಿ, “ಒಂದು ಸ್ಕ್ರೂ ಆಚೀಚೆ ಆಗಿದ್ರೆ ನನ್ನನ್ನ ಕೇಳಿ.” ಪಕ್ಕದಲ್ಲೇ ನಿಂತಿದ್ದ ಸೊಯ್ಲೊ ಆ ಪಿಸ್ತೂಲಿಗಾಗಿ ಇಡೀ ಚಳಿಗಾಲ ಕೈ ಬೊಬ್ಬೆ ಬರಿಸಿಕೊಂಡಿದ್ದ. ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಸ್ವಂತದ್ದೊಂದು ಪಿಸ್ತೂಲು ಮಾಡಬೇಕು, ಅದರ ಮೇಲೆ ಲಾಸುರ್ತೆಗಿ ಎಂದೇ ಒತ್ತಬೇಕು, ಅದನ್ನು ನೋಡಿ ಅಪ್ಪ ‘ಇದು ನನ್ನ ಮಗ ಮಾಡಿದ್ದು’ ಎಂದು ಒಂದು ಸಲವಾದರೂ ಹೇಳಬೇಕು ಎಂಬ ಹುಚ್ಚು ಅವನಿಗೆ ಹತ್ತಿದ್ದು ಅಂದೇ.

ಕಾಲ ಮಾತ್ರ ಆ ಹುಚ್ಚಿಗೆ ತಕ್ಕದ್ದಾಗಿರಲಿಲ್ಲ. ದೊಡ್ಡ ಯುದ್ಧ ಮುಗಿದು ಪಿಸ್ತೂಲು ಕೇಳುವವರು ಕಡಿಮೆಯಾಗಿದ್ದರು. ಊರಿನ ಕಾರ್ಖಾನೆಗಳು ಒಂದೊಂದಾಗಿ ಸೈಕಲ್ಲಿನ ಕಡೆಗೆ ಹೊರಳುತ್ತಿದ್ದವು. ಗೆರ್ಗೊರಿಯೊ ಕೂಡ ಪೆಡಲು ಮಾಡುವುದೆಂದು ತೀರ್ಮಾನಿಸಿದ್ದ.

“ನವೆಂಬರ್ ಕೊನೆಗೆ ಸಾನ್ ಆಂದ್ರೆಸ್ ಹಬ್ಬ ಬರುತ್ತಲ್ಲ, ಅಲ್ಲಿವರೆಗೆ ಆಡ್ಕೊ,” ಎಂದ ಮಗನಿಗೆ. “ಅಷ್ಟರೊಳಗೆ ನಿನ್ನ ಪಿಸ್ತೂಲು ಪರೀಕ್ಷಾ ಕಚೇರಿಯ ಮುದ್ರೆ ಹಾಕಿಸ್ಕೊಂಡು ಬಂದ್ರೆ ಸರಿ. ಇಲ್ದಿದ್ರೆ ಲೇತಿನ ಮೇಲೆ ಪೆಡಲು. ಆಮೇಲೆ ಮುಖ ಊದಿಸ್ಕೊಂಡು ಓಡಾಡಬಾರದು.”

“ಯಾಕಪ್ಪಾ, ನನ್ನ ಕೈಲಾಗಲ್ಲ ಅಂತಾನಾ?”

“ನಾನೆಲ್ಲಿ ಹಾಗಂದೆ? ಪೆಡಲಿನ ಕಬ್ಬಿಣಕ್ಕೆ ಇವತ್ತೇ ಹೇಳಿಡ್ತೀನಿ ಅಂದೆ, ಅಷ್ಟೇ.”

ಸೊಯ್ಲೊನಿಗೆ ಒಂದೇ ಭಯ: ಯಾರಾದರೂ ನೋಡಿ ನಕಲು ಮಾಡಿಬಿಟ್ಟರೆ? ನಕಲು ಮಾಡಿಯೇ ಅನ್ನ ತಿಂದ ಮನೆಯವನಿಗೆ ಆ ಭಯ ಚೆನ್ನಾಗಿಯೇ ಒಪ್ಪುತ್ತಿತ್ತು. ಹಾಗಾಗಿ ಮೊದಲನೆಯ ಪಿಸ್ತೂಲಿನ ಪ್ರತಿಯೊಂದು ಭಾಗವನ್ನೂ, ಸ್ಪ್ರಿಂಗನ್ನು ಕೂಡ, ಬಾಗಿಲು ಹಾಕಿಕೊಂಡು ತಾನೇ ಮಾಡಿದ. ಹೊಳೆಯ ದಂಡೆಯಲ್ಲಿ ಪರೀಕ್ಷೆ ನಡೆಯಿತು. ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಪಟ್ಟಿ ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಬರಬೇಕು. ಇದು ಹಿಂದಕ್ಕೆ ಸರಿಯಿತು, ಇನ್ನೂ ಸರಿಯಿತು, ಸೊಯ್ಲೊನ ಕಿವಿಯ ಪಕ್ಕದಿಂದ ಹಾರಿಹೋಗಿ ಯಾರದೋ ಎಲೆಕೋಸಿನ ಪಾತಿಯಲ್ಲಿ ಬಿತ್ತು. ಮಧ್ಯಾಹ್ನ ತೋಟದವಳು ಅದನ್ನು ಲಂಗದ ಅಂಚಿನಲ್ಲಿ ಒರೆಸಿ ಮನೆಗೆ ತಂದುಕೊಟ್ಟು, “ನಿಮ್ಮದೇ ಇರ್ಬೇಕು,” ಎಂದು ಹೋದಳು. ಊಟದುದ್ದಕ್ಕೂ ಗೆರ್ಗೊರಿಯೊ ಮಗನ ಕಡೆ ನೋಡುತ್ತಾ ಆಗಾಗ ತನ್ನ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಎರಡನೆಯ ಸಲ ಸೊಯ್ಲೊ ಬುದ್ಧಿವಂತನಾದ, ಅಥವಾ ಹಾಗೆಂದುಕೊಂಡ. ಒಂಟಿಯಾಗಿ ಆಗುವ ಕೆಲಸ ಇದಲ್ಲವೆಂದು ಅರ್ಥವಾಗಿತ್ತು. ಭಾಗಗಳನ್ನು ಹೊರಗೆ ಮಾಡಿಸಬೇಕು, ಆದರೆ ಗುಟ್ಟು ಬಿಡಬಾರದು. ಸ್ಕ್ರೂ ಮಾಡುವವನಿಗೆ ಹೊಲಿಗೆ ಯಂತ್ರಕ್ಕೆ ಎಂದ. ಮರದ ಹಿಡಿ ಮಾಡುವವನಿಗೆ ಚೂರಿಗೆ ಎಂದ. ಕೆಳಗಿನ ಮನೆಯ ಅನ್ಸೆಲ್ಮೊ ಐಬಾರಿನಲ್ಲೇ ಹೆಸರಾದ ಸ್ಪ್ರಿಂಗಿನವನು. ಅವನ ಮುಂದೆ ನಿಂತು, “ನಮ್ಮ ಕೋಣೆ ಬಾಗಿಲು ತಾನಾಗೇ ಮುಚ್ಚೋ ಹಾಗೆ ಒಂದು ಸ್ಪ್ರಿಂಗು ಬೇಕಿತ್ತು, ಇಷ್ಟೇ ಇಷ್ಟುದ್ದ,” ಎಂದು ಬೆರಳಲ್ಲಿ ತೋರಿಸಿದ.

ಅನ್ಸೆಲ್ಮೊ ಆ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದ. “ಸಣ್ಣ ಬಾಗಿಲು,” ಎಂದ.

“ಹೂಂ, ಸಣ್ಣದೇ.”

“ಇಲಿ ಓಡಾಡೋದಾ?”

ಸೊಯ್ಲೊ ನಕ್ಕು ಜಾರಿಕೊಂಡ. ವಾರದೊಳಗೆ ಎಲ್ಲ ಭಾಗಗಳೂ ಬಂದವು, ಒಂದಕ್ಕಿಂತ ಒಂದು ಚಂದ. ಜೋಡಿಸಿ ಹೊಳೆಯ ದಂಡೆಗೆ ಒಯ್ದ. ಗುಂಡು ಹಾರಿತು, ಮೇಲ್ಪಟ್ಟಿ ಹಿಂದಕ್ಕೆ ಹೋಯಿತು. ಮುಂದಕ್ಕೆ ಬರುವಾಗ ಮಾತ್ರ ಊಟ ಮಾಡಿ ಮಲಗಿದ್ದವರು ಎದ್ದು ಬಂದಂತೆ, ನಿಧಾನವಾಗಿ, ಅರ್ಧದಾರಿ ಬಂದು ನಿಂತುಬಿಟ್ಟಿತು. ಎರಡನೆಯ ಗುಂಡು ಸಿಕ್ಕಿಕೊಂಡಿತು. ಮಗು ಮಲಗಿರುವ ಕೋಣೆಯ ಬಾಗಿಲಿಗೆ ಅದಕ್ಕಿಂತ ಒಳ್ಳೆಯ ಸ್ಪ್ರಿಂಗು ಇಡೀ ಸ್ಪೇನಿನಲ್ಲಿ ಸಿಗುತ್ತಿರಲಿಲ್ಲ.

ಸಾನ್ ಆಂದ್ರೆಸ್ ಹತ್ತಿರವಾಗಿತ್ತು. ಪೆಡಲಿನ ಕಬ್ಬಿಣ ಆಗಲೇ ಬಂದು ಅಂಗಳದಲ್ಲಿ ಬಿದ್ದಿತ್ತು. ಸೊಯ್ಲೊ ಆ ಕಬ್ಬಿಣದ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಾಗ ಹೆಂಡತಿ ಬಲ್ಬಿನಾ ಬಟ್ಟೆ ಒಗೆದುಕೊಂಡು ಬಂದಳು.

“ಏನು, ಸತ್ತವರ ಮನೆಯಲ್ಲಿ ಕೂತ ಹಾಗೆ ಕೂತಿದ್ದೀಯ?”

“ಸ್ಪ್ರಿಂಗು ಮೆತ್ತಗಾಯ್ತು ಬಲ್ಬಿನಾ.”

“ಹೋಗಿ ಹೇಳು ಮತ್ತೆ ಅನ್ಸೆಲ್ಮೊಗೆ.”

“ಏನಂತ ಹೇಳ್ಲಿ? ಅವನಿಗೆ ಬಾಗಿಲು ಅಂದಿದ್ದೀನಲ್ಲ. ಗುಟ್ಟು ರಟ್ಟಾಗುತ್ತೆ.”

ಬಲ್ಬಿನಾ ಬುಟ್ಟಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಗುಟ್ಟಂತೆ ಗುಟ್ಟು! ಬಟ್ಟೆ ಒಗೆಯೋ ಕಟ್ಟೆ ಮೇಲೆ ಹೋದ ವಾರದಿಂದ ನನ್ನನ್ನ ಕೇಳ್ತಾ ಇದ್ದಾರೆ ಕಣೋ, ‘ನಿಮ್ಮನೆ ಬಾಗಿಲಿಗೆ ಎಷ್ಟು ಗುಂಡು ಹಿಡಿಯುತ್ತೆ’ ಅಂತ! ಸ್ಕ್ರೂನವನ ಹೆಂಡತಿಗೆ ಗೊತ್ತು, ಹಿಡಿಯವನ ಅತ್ತೆಗೆ ಗೊತ್ತು. ಇಡೀ ಬೀದಿಯಲ್ಲಿ ಅದು ಬಾಗಿಲು ಅಂತ ನಂಬಿರೋನು ನೀನೊಬ್ಬನೇ.”

ಸೊಯ್ಲೊನ ಮುಖ ಬಿಳಿಚಿಕೊಂಡಿತು. ಆದರೆ ಅಷ್ಟೊತ್ತಿಗೆ ಅವಮಾನ ಪಡಲು ಕೂಡ ಅವನಿಗೆ ಪುರುಸೊತ್ತಿರಲಿಲ್ಲ. ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೀದಿಯ ಮೆಟ್ಟಿಲಿಳಿದು ಹೋಗಿ ಅನ್ಸೆಲ್ಮೊನ ಮೇಜಿನ ಮೇಲಿಟ್ಟ.

“ಬಾಗಿಲು ತಂದ್ಯಾ?” ಎಂದ ಅನ್ಸೆಲ್ಮೊ ತಲೆಯೆತ್ತದೆ.

“ನಿನಗೆ ಗೊತ್ತಿದ್ಮೇಲೆ ಯಾಕೆ ಮೆತ್ತಗೆ ಮಾಡ್ಕೊಟ್ಟೆ?”

“ಬಾಗಿಲು ಅಂದೆ, ಬಾಗಿಲಿಗೆ ಮಾಡ್ದೆ. ಬಾಯಲ್ಲಿ ಹೇಳಿದ್ದು ಬಿಟ್ಟು ಮನಸ್ಸಲ್ಲಿ ಇಟ್ಕೊಂಡಿದ್ದನ್ನ ಹುಡುಕೋಕೆ ನಾನೇನು ಪಾದ್ರಿನಾ? ನಿಮ್ಮಪ್ಪನಿಗೆ ಇಷ್ಟು ವರ್ಷ ಸ್ಪ್ರಿಂಗು ಮಾಡ್ಕೊಟ್ಟಿದ್ದೀನಿ. ನನ್ನ ಹತ್ರ ಬಂದು ಸುಳ್ಳು ಹೇಳ್ದೆಯಲ್ಲೋ!” ಅವನ ದನಿ ನಿಜವಾಗಿಯೇ ಒಡೆದಿತ್ತು. ಸೊಯ್ಲೊನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ತಪ್ಪಾಯ್ತು ಅನ್ಸೆಲ್ಮೊ. ಆದ್ರೆ ನೀನು ಇದನ್ನ ಯಾರಿಗಾದ್ರೂ ಹೇಳಿದ್ರೆ?”

“ಹೇಳ್ತೀನಿ ಮತ್ತೆ. ಇಸ್ಪೀಟು ಆಡೋವಾಗ ಇನ್ನೇನು ಮಾತಾಡೋದು, ಮಳೆ ವಿಷಯಾನಾ? ಐಬಾರಿನಲ್ಲಿ ಗುಟ್ಟು ಬೇಕೋ ಸ್ಪ್ರಿಂಗು ಬೇಕೋ, ಒಂದನ್ನ ಹೇಳು.”

ಸೊಯ್ಲೊ ಪಿಸ್ತೂಲಿನ ಕಡೆ ನೋಡಿದ. ಗುಟ್ಟು ಉಳಿಸಿಕೊಂಡರೆ ಅದು ಹೀಗೇ, ಬಾಯಿ ಅರ್ಧ ತೆರೆದುಕೊಂಡು, ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಸುತ್ತಿದ್ದ ಬಟ್ಟೆಯನ್ನು ಪೂರ್ತಿ ಬಿಚ್ಚಿ, “ಸ್ಪ್ರಿಂಗು,” ಎಂದ.

ಆಮೇಲಿನದು ಹಬ್ಬದ ಅಡುಗೆಯ ಗಡಿಬಿಡಿ. ಅನ್ಸೆಲ್ಮೊ ಮೂರು ಸ್ಪ್ರಿಂಗು ಸುತ್ತಿ ಮೂರನ್ನೂ ಬೈದು ನಾಲ್ಕನೆಯದನ್ನು ಕೊಟ್ಟ. ಸ್ಕ್ರೂನವನು ತಾನಾಗೇ ಬಂದು, “ಆ ಹೊಲಿಗೆ ಯಂತ್ರ ತೋರಿಸು,” ಎಂದು ಕೇಳಿ ನೋಡಿ, ಎರಡು ಸ್ಕ್ರೂ ಬದಲಾಯಿಸಿದ. ಹಿಡಿಯವನು ಚೂರಿಯ ಬಗ್ಗೆ ಹೇಳಬೇಕಾದ್ದೆಲ್ಲ ಹೇಳಿ ಮುಗಿಸಿ ಹೊಸ ಹಿಡಿ ಕೊರೆದ.

ಹಬ್ಬಕ್ಕೆ ಎರಡು ದಿನವಿದ್ದಾಗ ಸೊಯ್ಲೊ ಪಿಸ್ತೂಲನ್ನು ಪರೀಕ್ಷಾ ಕಚೇರಿಗೆ ಒಯ್ದ. ಅಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಮದ್ದು ತುಂಬಿ, ಗೋಡೆಯ ಆಚೆ ಬಿಗಿದಿಟ್ಟು ಹಾರಿಸುತ್ತಾರೆ. ತಡೆದುಕೊಂಡರೆ ಮುದ್ರೆ, ಇಲ್ಲದಿದ್ದರೆ ಒಂದು ಮುಷ್ಟಿ ಚೂರು. ಹೊರಗಿನ ಬೆಂಚಿನ ಮೇಲೆ ಗೆರ್ಗೊರಿಯೊ ಆಗಲೇ ಕೂತಿದ್ದ.

“ನೀನ್ಯಾಕಪ್ಪಾ ಇಲ್ಲಿ?”

“ಈ ಕಡೆ ಹೋಗ್ತಾ ಇದ್ದೆ. ಕಾಲು ನೋವು.”

ಆ ಕಡೆ ಪರೀಕ್ಷಾ ಕಚೇರಿ ಬಿಟ್ಟರೆ ಬೇರೇನೂ ಇರಲಿಲ್ಲ. ಸೊಯ್ಲೊ ಅಪ್ಪನ ಪಕ್ಕದಲ್ಲಿ ಕೂತ. ಗೋಡೆಯಾಚೆ ಢಂ ಎಂದಿತು, ಸ್ವಲ್ಪ ಬಿಟ್ಟು ಮತ್ತೊಮ್ಮೆ ಢಂ ಎಂದಿತು. ಪ್ರತಿಸಲವೂ ಮುದುಕನ ಕಾಲು ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ಕೊನೆಗೆ ಕಚೇರಿಯವನು ಬಂದು ಪಿಸ್ತೂಲನ್ನು ಸೊಯ್ಲೊನ ಕೈಗಿಟ್ಟ. ಇನ್ನೂ ಬಿಸಿಯಾಗಿತ್ತು. ಮುದ್ರೆ ಬಿದ್ದಿತ್ತು.

ಸೊಯ್ಲೊ ಅದನ್ನು ಅಪ್ಪನ ಕಡೆ ಚಾಚಿದ. ಗೆರ್ಗೊರಿಯೊ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಲಾಸುರ್ತೆಗಿ ಎಂದು ಒತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದ. ಮಗ ಆ ಒಂದು ಮಾತಿಗೆ ಕಾದ.

“ಹೂಂ,” ಎಂದ ಅಪ್ಪ. “ಬೆಳಿಗ್ಗೆ ಪೆಡಲು ಮಾಡೋಣ, ಮಧ್ಯಾಹ್ನದ ಮೇಲೆ ಇದು. ನಡಿ, ಬಲ್ಬಿನಾ ಊಟಕ್ಕೆ ಕಾಯ್ತಿರ್ತಾಳೆ.”

ಅಷ್ಟೇ. ಲೇತು ಅರ್ಧ ದಿನವಾದರೂ ಸಿಕ್ಕಿತು, ಪಿಸ್ತೂಲು ಉಳಿಯಿತು, ಬೇಕಾಗಿದ್ದ ಒಂದು ಮಾತು ಮಾತ್ರ ಬರಲಿಲ್ಲ. ಸೊಯ್ಲೊ ಚಳಿಗಾಲವಿಡೀ ಬೆಳಿಗ್ಗೆ ಪೆಡಲನ್ನೂ ಮಧ್ಯಾಹ್ನ ಪಿಸ್ತೂಲನ್ನೂ ಮಾಡಿದ. ನಗುನಗುತ್ತಲೇ ಇದ್ದ, ಆದರೆ ಒಳಗೊಳಗೇ ನೊಂದಿದ್ದ. ಬಲ್ಬಿನಾಗೆ ಅದು ಗೊತ್ತಿತ್ತು. ಅವಳು ಮಾವನ ತಟ್ಟೆಗೆ ಮೀನು ಬಡಿಸುವಾಗೆಲ್ಲ ಚಮಚವನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದಳು.

ವಸಂತ ಬಂತು. ಒಂದು ಭಾನುವಾರ ಹುರುಳಿಕಾಯಿ ಬೀಜದ ಸಾರು ಆರುತ್ತಾ ಬಂದರೂ ಗೆರ್ಗೊರಿಯೊ ಮನೆಗೆ ಬರಲಿಲ್ಲ. ಕರೆದುಕೊಂಡು ಬಾ ಎಂದು ಬಲ್ಬಿನಾ ಗಂಡನನ್ನು ಅಟ್ಟಿದಳು. ಸೇಬಿನ ಮದ್ಯದಂಗಡಿಯ ಬಾಗಿಲಿಗೆ ಬರುವಷ್ಟರಲ್ಲೇ ಸೊಯ್ಲೊನಿಗೆ ಒಳಗಿನ ಕೂಗಾಟ ಕೇಳಿಸಿತು. ಅಪ್ಪನದೇ ದನಿ.

“ಕಳ್ಳರು! ಹಾಡಹಗಲೇ ಕಳ್ಳತನ! ನೋಡಿ ಇದನ್ನ, ಪಕ್ಕದ ಕಣಿವೆಯವರು ಮಾಡಿ ಮಾರ್ತಿದ್ದಾರೆ, ಹೆಸರು ‘ಬ್ಯಾರನ್’ ಅಂತೆ! ಎಲ್ಲಿಯ ಬ್ಯಾರನ್ನು? ಇದು ನನ್ನ ಮಗನ ಪಿಸ್ತೂಲು! ನನ್ನ ಮಗ ತಲೆ ಕೆಡಿಸ್ಕೊಂಡು ಮಾಡಿದ್ದು!”

“ಸಮಾಧಾನ ಗೆರ್ಗೊರಿಯೊ,” ಎಂದಿತು ಅನ್ಸೆಲ್ಮೊನ ದನಿ. “ನೀನೂ ಇಷ್ಟು ವರ್ಷ ಬೆಲ್ಜಿಯಂನವರದ್ದನ್ನ—”

“ಬೆಲ್ಜಿಯಂನವರೇನು ನನ್ನ ಮಕ್ಕಳೇನೋ?” ಮೇಜಿನ ಮೇಲೆ ಮುಷ್ಟಿ ಬಿತ್ತು. “ಈ ಊರಲ್ಲಿ ನಾವೆಲ್ಲ ಮಾಡಿದ್ದನ್ನೇ ಮಾಡಿದ್ವಿ, ನಾನೂ ಸೇರಿ! ಇಲ್ಲದೇ ಇದ್ದದ್ದನ್ನ ಮಾಡಿದವನು ಅವನೊಬ್ಬ. ಸೊಯ್ಲೊ! ನನ್ನ ಸೊಯ್ಲೊ! ಹಾಕಪ್ಪಾ, ಎಲ್ಲರಿಗೂ ಇನ್ನೊಂದು ಲೋಟ ಹಾಕು, ನನಗೆ ತಡ್ಕೊಳ್ಳೋಕಾಗ್ದಷ್ಟು ಸಿಟ್ಟು ಬಂದಿದೆ!”

ಸೊಯ್ಲೊ ಬಾಗಿಲಿಗೆ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅಪ್ಪ ಮತ್ತೆ ಮೊದಲಿನಿಂದ ಬೈಯಲು ಶುರುಮಾಡಿದ್ದ. ಸೊಯ್ಲೊ ಗೋಡೆಗೆ ಒರಗಿ ನಿಂತು, ಟೋಪಿಯಿಂದ ಕಣ್ಣೊರೆಸಿಕೊಂಡ. ಮನೆಯಲ್ಲಿ ಸಾರು ತಣ್ಣಗಾಗುತ್ತಿದ್ದರೆ ಆಗಲಿ ಎಂದುಕೊಂಡು ಅಲ್ಲೇ ಕೇಳುತ್ತಾ ನಿಂತ.