ಅಜ್ಜಂಪುರದಲ್ಲಿ ಉಳಿದಿದ್ದ ಕೊನೆಯ ಅಧ್ಯಾಯ

ಬೆಳಿಗ್ಗೆ ಎಂಟೂವರೆಗೆ ಕಡೂರಿನಿಂದ ಹೊರಟೆ. ಸರ್ಕಾರಿ ಬಸ್ಸು, ಹೆಂಗಸರಿಗೆ ದುಡ್ಡಿಲ್ಲ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ. ಅಜ್ಜಂಪುರಕ್ಕೆ ಬೀರೂರಿನಲ್ಲೇ ತಿರುಗಿದರೆ ಹತ್ತಿರ. ಆದರೆ ನಮ್ಮ ಪುಸ್ತಕದ ಟೈಪಾದ ಹಾಳೆಗಳು ತರೀಕೆರೆಯ ಡಿಟಿಪಿ ಅಂಗಡಿಯಲ್ಲಿದ್ದವು. ಹಾಗಾಗಿ ಸುತ್ತುದಾರಿ ಹಿಡಿದೆ.

ಅದೊಂದು ಅನುವಾದ. ಮೂಲ ಲೇಖಕಿ ಇನ್ನೂರು ವರ್ಷದ ಹಿಂದಿನವಳು. ಅಮೆರಿಕ ಇನ್ನೂ ಎಳೆಯ ದೇಶವಾಗಿದ್ದಾಗ, ಹಡಗಿನಲ್ಲಿ ಬಂದಿಳಿದ ಬಿಳಿಯರನ್ನೂ ನೆಲ ಕಳೆದುಕೊಂಡ ಅಲ್ಲಿನವರನ್ನೂ ಕುರಿತು ಐತಿಹಾಸಿಕ ಕಾದಂಬರಿ ಬರೆದವಳು. ಮೊದಲ ಪುಸ್ತಕಕ್ಕೆ ಹೆಸರನ್ನೂ ಹಾಕಿಕೊಳ್ಳಲಿಲ್ಲ. ಮದುವೆಯಾಗದೆ, ಅಣ್ಣಂದಿರ ಮನೆಗಳಲ್ಲಿ ಸರದಿಯಂತೆ ಇದ್ದು ಬರೆದಳು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಅಣ್ಣನ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ಅವಳ ಮೇಲೆ ನನಗೇಕೆ ಅಷ್ಟು ಅಕ್ಕರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕದ ಮೊದಲಿಗೆ ಹಾಕಲು ಅವಳ ಜೀವನಚರಿತ್ರೆ ನಾನು ಬರೆದೆ. ಕಾದಂಬರಿಯನ್ನು ಅಜ್ಜಂಪುರದ ರುದ್ರಪ್ಪ ಮೇಷ್ಟ್ರು ಕನ್ನಡಕ್ಕೆ ತಂದರು. ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು. ಕೊನೆಯ ಅಧ್ಯಾಯವೊಂದು ನನ್ನ ಕೈಸೇರಿರಲಿಲ್ಲ.

ತರೀಕೆರೆಯಲ್ಲಿ ಇಡ್ಲಿ ತಿಂದು, ಹಾಳೆ ಪಡೆದು ಖಾಸಗಿ ಬಸ್ಸು ಹತ್ತಿದೆ. ಮೂವತ್ತೈದು ರೂಪಾಯಿ, ಸುಮಾರು ಒಂದು ಗಂಟೆ. ಬಿಸಿಲು ಜೋರಾಗಿತ್ತು. ಪಕ್ಕದ ಸೀಟಿಗೆ ಯಾರೂ ಬರಲಿಲ್ಲ; ಚೀಲ ಕೂರಿಸಿಕೊಂಡೆ.

ಮೇಷ್ಟ್ರ ಹೆಂಡತಿ ಗಂಗಮ್ಮ ಕಾಫಿ ಕೊಟ್ಟು, ನೋಟುಪುಸ್ತಕ ತಂದಿಟ್ಟರು. ಕೊನೆಯ ಅಧ್ಯಾಯದ ಸಂಖ್ಯೆಯ ಕೆಳಗೆ ಪುಟ ಖಾಲಿ. ಮುಂದಿನ ಪುಟಗಳನ್ನೂ ತಿರುವಿದೆ.

"ನನ್ನಿಂದ್ಲೇ ಆಗಿದ್ದು ಕಣ್ರೀ ಮೇಡಂ," ಅಂದರು. "ನಾನು ಅಕ್ಕಿ ಆರಿಸ್ತಾ ಕೂತಿದ್ರೆ ಅವರು ಒಂದೊಂದೇ ಮಾತು ಕನ್ನಡದಲ್ಲಿ ಹೇಳೋರು. ಕತೆ ಕೇಳೋರು ಹ್ಞೂಂಗುಡ್ತಾರಲ್ಲ, ಹಂಗೆ ನಾನು ಹ್ಞೂಂ ಅಂದ್ರೇನೇ ಬರೀತಿದ್ರು. ಕೊನೇ ಅಧ್ಯಾಯ ಶುರು ಮಾಡೋ ಮುಂಚೇನೇ, ಮುಗಿಯೋದು ಹಿಂಗೆ, ಕತೇಲಿರೋ ಆ ಹೆಣ್ಣುಮಗಳು ಮದ್ವೆ ಇಲ್ದೆ ಒಬ್ಬಳೇ ನೆಮ್ಮದಿಯಾಗಿದ್ಲು ಅಂದ್ರು. ನಾನು ಹ್ಞೂಂ ಅನ್ಲಿಲ್ಲ. ನಾಳೆ ನೋಡಾಣ ಅಂತ ಎತ್ತಿಟ್ರು. ಆಮೇಲೆ ಆಸ್ಪತ್ರೆಗೆ ಸೇರಿದ್ರು."

ನಾನೇ ಇಂಗ್ಲಿಷ್ ಪುಸ್ತಕ ತೆರೆದು ಒಂದೊಂದೇ ಮಾತು ಕನ್ನಡದಲ್ಲಿ ಹೇಳತೊಡಗಿದೆ. ಗಂಗಮ್ಮ ಗೋಡೆಗೊರಗಿ ಹ್ಞೂಂಗುಟ್ಟುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮಧ್ಯೆ ಅನ್ನ ಸಾರು ಉಂಡೆವು. ನಾಲ್ಕು ಗಂಟೆಯ ಹೊತ್ತಿಗೆ ಆ ಜಾಗ ಬಂತು. ಅವರ ಹ್ಞೂಂ ನಿಂತಿತು.

"ನೀವೂ ಒಬ್ರೇ ಇದ್ದೀರಲ್ಲ ಮೇಡಂ. ನೀವೇ ಹೇಳಿ, ನಿಜಾನಾ?"

ಲೇಖಕಿ ತನ್ನ ಪಾಡಿಗೆ ತಾನು ಸುಖವಾಗಿದ್ದಳೆಂದು ನಲವತ್ತು ಪುಟ ಬರೆದವಳು ನಾನು. ಪೆನ್ನು ಕೆಳಗಿಟ್ಟೆ.

"ಕೆಲವು ದಿನ ನಿಜ ಅಮ್ಮ," ಅಂದೆ.

ಗಂಗಮ್ಮ ನನ್ನನ್ನೇ ನೋಡಿದರು. "ಹ್ಞೂಂ. ಹಂಗೇ ಬರ್ಕೊಳಿ."

ಹಾಗೆಯೇ ಬರೆದೆ. ಮೂಲದಲ್ಲಿಲ್ಲದ ಎರಡು ಪದ ಸೇರಿಸಿದ ತಪ್ಪು ನನ್ನದು, ಮೇಷ್ಟ್ರದಲ್ಲ. ಬಸ್ಸು ಹೊರಟಾಗ ಗಂಗಮ್ಮ ನಿಲ್ದಾಣದಲ್ಲಿ ಸೆರಗು ಹೊದ್ದು ನಿಂತೇ ಇದ್ದರು. ತಿರುವು ಬರುವವರೆಗೂ ನೋಡಿದೆ.

ಈ ಸಲ ತರೀಕೆರೆಗೆ ಸುತ್ತದೆ ನೇರ ಬೀರೂರಿನ ಮೇಲೆಯೇ ಬಂದು, ಏಳು ಗಂಟೆಗೆ ಕಡೂರು ಸೇರಿದೆ. ಅತ್ತಿಗೆ ಟೀವಿ ಮುಂದೆ ಕೂತಿದ್ದರು. ನನ್ನ ಕೈಯ ಚೀಲ ನೋಡಿ, "ಎಲ್ಲಿಗಾದ್ರೂ ಹೋಗಿದ್ರಾ? ಮೇಲೇ ಇದ್ದೀರಿ ಅಂದ್ಕೊಂಡಿದ್ದೆ," ಅಂದರು.

ಇಲ್ಲೇ ಅಂಗಡಿಗೆ ಎಂದು ಹೇಳಿ ಮೆಟ್ಟಿಲು ಹತ್ತಿದೆ.