ಗುರಣ್ಣ ತಂದ ಒಂದೇ ಒಂದು ಖರೇ ಮೂಲ

ಗುರಣ್ಣ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಅವನ ಬಗ್ಗೆ ಬರೆಯಲು ಕೂತರೆ ಅಳು ಬರಬೇಕು, ಆದರೆ ಮೊದಲು ನಗು ಬರುತ್ತದೆ. ಅದರ ಬೆನ್ನಿಗೆ ಅಳು ಬರುತ್ತದೆ, ಅದನ್ನು ನೂಕಿಕೊಂಡು ಮತ್ತೆ ನಗು. ಬದುಕಿದ್ದಾಗಲೂ ಅವನು ಮಾಡಿದ್ದು ಇದನ್ನೇ. ಆದ್ದರಿಂದ ಅವನ ಮದುವೆ ಹೇಗೆ ಗಟ್ಟಿಯಾಯಿತು ಎಂಬುದನ್ನೇ ಹೇಳಿಬಿಡುವುದು ಒಳ್ಳೆಯದು. ಅವನ ಹೆಸರಿನ ಕಥೆಗಳಲ್ಲಿ ನಿಜವಾದದ್ದು ಅದೊಂದೇ.

ಗುರಣ್ಣ ಭೀಮಾ ನದಿಯ ಅಂಬಿಗ. ಯಾದಗಿರಿ ಕಡೆಯಿಂದ ಬಂದವರನ್ನು ಹರಗೋಲಿನಲ್ಲಿ ಕೂರಿಸಿಕೊಂಡು ಶಹಾಪುರದ ಕಡೆಯ ದಂಡೆಗೆ ಬಿಡುವುದು ಅವನ ಕೆಲಸ. ಹರಗೋಲು ನೆಟ್ಟಗೆ ಹೋಗುವುದಿಲ್ಲ, ಬುಟ್ಟಿಯ ಹಾಗೆ ತಿರುಗುತ್ತ ತಿರುಗುತ್ತ ಹೋಗುತ್ತದೆ. ಹೊಸಬರಿಗೆ ನಡುನೀರಿನಲ್ಲಿ ತಲೆ ತಿರುಗುತ್ತದೆ, ದೇವರು ನೆನಪಾಗುತ್ತಾನೆ. ಅವರ ಹೆದರಿಕೆ ಮರೆಸಲು ಗುರಣ್ಣ ಕಂಡುಕೊಂಡ ಉಪಾಯವೆಂದರೆ ಮೂಲ ಹೇಳುವುದು. ಯಾವ ವಸ್ತು ಕಣ್ಣಿಗೆ ಬಿತ್ತೋ ಅದು ಹುಟ್ಟಿದ್ದು ಹೇಗೆ ಎಂದು ಅಲ್ಲೇ, ಆಗಲೇ ಹುಟ್ಟಿಸಿ ಹೇಳುತ್ತಿದ್ದ.

ರೊಟ್ಟಿ ಗಂಟು ಹೊತ್ತವಳು ಕೂತಿದ್ದರೆ, “ಯವ್ವಾ, ರೊಟ್ಟಿ ಬಡಿಯೋದು ಕಲಿಸಿದಾಂವ ಒಬ್ಬ ಡೊಳ್ಳಿನಾಂವ. ಮಳಿಯಾಗ ಡೊಳ್ಳು ತೊಯ್ದು ಹೋಗಿತ್ತು, ಕೈ ಮಾತ್ರ ಸುಮ್ಮಕಿರವಲ್ದು. ಮುಂದ ಕಂಡದ್ದು ಹಿಟ್ಟಿನ ಉಂಡಿ!” ಎನ್ನುತ್ತಿದ್ದ. ಹಿಂದಕ್ಕೆ ತಿರುಗಿ ಯಾದಗಿರಿ ಕೋಟೆ ನೋಡಿದವರಿಗೆ, “ಅದು ಮೊದಲ ಬಯಲಾಗ ಇತ್ತರಿ. ನಮ್ಮ ಬಿಸಿಲು ತಾಳಲಾರ್ದ ತಾನ ಗುಡ್ಡ ಹತ್ತಿ ಗಾಳಿಗಿ ಕುಂತದ” ಎನ್ನುತ್ತಿದ್ದ. ಜನ ನಗುವಷ್ಟರಲ್ಲಿ ದಂಡೆ ಬಂದಿರುತ್ತಿತ್ತು. ನಂಬುವವರು ಯಾರೂ ಇರಲಿಲ್ಲ. ಒಬ್ಬರನ್ನು ಬಿಟ್ಟು.

ಆ ಒಬ್ಬರು ಗೋಗಿಯ ಮಲ್ಕಪ್ಪ. ಒಳ್ಳೆಯ ರೈತ, ಹೆಂಡತಿ ಹೋದ ಮೇಲೆ ಮಗಳು ಸುಗಲಮ್ಮನನ್ನು ತಾನೇ ಬೆಳೆಸಿದವನು. ಅವನಿಗೆ ನಗು ಕಡಿಮೆ, ಆಡಿದ ಮಾತು ಬಲು ಗಟ್ಟಿ. ತಾನು ಸುಳ್ಳು ಹೇಳುವವನಲ್ಲವಾದ್ದರಿಂದ ಬೇರೆಯವರೂ ಹೇಳಲಾರರೆಂದು ತಿಳಿದಿದ್ದ. ಒಮ್ಮೆ ಮಗಳೊಂದಿಗೆ ಹೊಳೆ ದಾಟುವಾಗ ಗುರಣ್ಣ ಅವನ ತಲೆಯ ರುಮಾಲು ನೋಡಿ ಶುರು ಮಾಡಿದ:

“ರುಮಾಲ ಹೆಂಗ ಹುಟ್ತು ಗೊತ್ತದೇನ್ರಿ ಕಾಕಾ? ಒಬ್ಬ ಅಳಿಯ ಪಂಚಮಿಗಿ ಅತ್ತಿ ಮನಿಗಿ ಹೋಗಿದ್ದ. ಉಂಡಿ ಕದ್ದ, ಇಟ್ಕೊಳಾಕ ಕಿಸೆ ಇಲ್ಲ. ತಲಿ ಮ್ಯಾಲ ಇಟ್ಟು ಅರಿವಿ ಸುತ್ತಿದ. ಮಾವ ಇದೇನಂತ ಕೇಳಿದ್ರ, ಇದು ಮರ್ಯಾದಿರಿ ಅಂದ. ಅವತ್ತಿಂದ ರುಮಾಲ ಸುತ್ತೋದು ಮರ್ಯಾದಿ ಆತು.”

ಸುಗಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ಭುಜ ಕುಣಿಯುತ್ತಿತ್ತು. ಗುರಣ್ಣ ಅದನ್ನು ಕಂಡ, ಕಂಡು ಹುಟ್ಟು ಹಾಕುವುದನ್ನೇ ಮರೆತ. ಹರಗೋಲು ಮತ್ತೆರಡು ಸುತ್ತು ಸುಮ್ಮನೆ ತಿರುಗಿತು. ಮಲ್ಕಪ್ಪ ಮಾತ್ರ ಗಂಭೀರವಾಗಿ ತಲೆದೂಗಿ, “ತಿಳಿದಿರಲಿಲ್ಲ ನೋಡು” ಎಂದ. ಮುಂದೆ ಸುರಪುರದಲ್ಲಿ ಒಂದು ನಿಶ್ಚಿತಾರ್ಥ. ದೊಡ್ಡ ದೊಡ್ಡ ರುಮಾಲಿನ ಹಿರಿಯರೆಲ್ಲ ಕೂತಿದ್ದ ಜಮಖಾನೆಯ ಮೇಲೆ ಮಲ್ಕಪ್ಪ ಈ ವಿಷಯವನ್ನು ಪೂರ್ತಿ ವಿವರಿಸಿದ. ಆಮೇಲೆ ಆ ಸೀಮೆಯಲ್ಲೆಲ್ಲ ಅವನ ಹೆಸರು ಉಂಡಿ ಮಲ್ಕಪ್ಪ. ಹೋದ ಮದುವೆಯಲ್ಲೆಲ್ಲ ಯಾರಾದರೂ ಒಬ್ಬರು ಅವನ ರುಮಾಲು ಮೂಸಿ ನೋಡುವವರೇ.

ಅದು ನಿಜಾಮರ ರಾಜ್ಯದ ಕೊನೆಯ ಕಾಲ. ಆಮೇಲೆ ಗಲಾಟೆ ಹೆಚ್ಚಾಗಿ ಹೊಳೆ ದಾಟುವವರು ಕಡಿಮೆಯಾದರು. ಆ ವರ್ಷದ ಪಂಚಮಿಗೆ ಹೆದರಿ ಯಾರೂ ಮರಕ್ಕೆ ಜೋಕಾಲಿ ಕಟ್ಟಲಿಲ್ಲ. ತವರಿಗೆ ಬರಬೇಕಾದ ಹೆಣ್ಣುಮಕ್ಕಳು ಗಂಡನ ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತರು. ಶ್ರಾವಣ ಕಳೆದ ಮೇಲೆ ಪೊಲೀಸ್ ಆಕ್ಷನ್ ಆಯಿತು, ನಮ್ಮ ಸೀಮೆ ಭಾರತಕ್ಕೆ ಸೇರಿತು. ಮರುವರ್ಷ ಜನಕ್ಕೆ ಹುಚ್ಚು ಹಿಡಿದ ಹಾಗೆ ಆಗಿತ್ತು. ಕಚೇರಿಯ ಬೋರ್ಡು ಹೊಸದು, ಬಾವುಟ ಹೊಸದು, ನಿನ್ನೆಯ ತನಕ ಉರ್ದು ಕಲಿಸುತ್ತಿದ್ದ ಮಾಸ್ತರರು ಕನ್ನಡ ಕಲಿಸಲು ತಾವೇ ಕನ್ನಡ ಕಲಿಯುತ್ತಿದ್ದರು. ಎಲ್ಲವೂ ಹೊಸದಾಗಿ ಶುರುವಾಗುವಾಗ ತನ್ನದೂ ಒಂದು ಆಗಲಿ ಎಂದು ಗುರಣ್ಣ ತಾಯಿ ಅಯ್ಯಮ್ಮನನ್ನು ಕರೆದುಕೊಂಡು ಗೋಗಿಗೆ ಹೆಣ್ಣು ಕೇಳಲು ಹೋದ.

ಮಲ್ಕಪ್ಪ ಹೊರಗೆ ಬಂದು ನೋಡಿದ. “ಇಂವಾ?”

“ಹೌದ್ರಿ ಅಣ್ಣಾ, ನನ್ನ ಮಗ” ಎಂದಳು ಅಯ್ಯಮ್ಮ.

“ಅಕ್ಕಾ, ನೀ ಕುಂದ್ರು, ನೀರು ಕುಡಿ. ನಿನ್ನ ಮಗ ಮಾತ್ರ ಹೊಸ್ತಿಲ ದಾಟಬಾರ್ದು. ಸುಳ್ಳು ಹೇಳೋ ಬಾಯಿಗಿ ನಾ ಹೆಣ್ಣು ಕೊಡಂಗಿಲ್ಲ. ರಾಮಸಮುದ್ರದವರು ಕೇಳ್ಯಾರ. ಪಂಚಮಿ ಮುಗೀಲಿ, ಮಾತು ಕೊಡಾಂವ ಇದ್ದೀನಿ.”

“ಕಾಕಾ, ಅದು ನಗಸಾಕ ಹೇಳಿದ್ದು...”

“ನಕ್ಕವರು ನಕ್ರು. ನನ್ನ ರುಮಾಲ ಇವತ್ತಿಗೂ ಮೂಸಾಕತ್ತಾರ!” ಮಲ್ಕಪ್ಪನ ದನಿ ಏರಿತು. ಆಮೇಲೆ ನ್ಯಾಯ ಬಿಡಬಾರದೆಂದು ಸ್ವಲ್ಪ ಇಳಿಸಿ ಹೇಳಿದ: “ಒಂದು ಹೇಳ್ತೀನಿ. ಪಂಚಮಿ ದಿನ ಬಾ. ಯಾವುದರದ್ದಾದ್ರೂ ಒಂದು, ಒಂದೇ ಒಂದು ಖರೇ ಮೂಲ ತಂದು ಹೇಳು. ಯಾರು ಶುರು ಮಾಡಿದ್ರು, ಯಾವಾಗ, ಕಣ್ಣಾರೆ ಕಂಡವರು ಯಾರು, ಬರಾಬರಿ ಹೇಳಬೇಕು. ಹೇಳಿದ್ರ ಮಗಳು ನಿನಗ. ಇಲ್ಲಾಂದ್ರ ರಾಮಸಮುದ್ರ.”

ಹೋಗುವಾಗ ಬಾವಿಯ ಹತ್ತಿರ ಸುಗಲಮ್ಮ ಸಿಕ್ಕಳು. ಕೊಡ ಎತ್ತಿಕೊಳ್ಳುತ್ತ, ನೆಲ ನೋಡುತ್ತ ಹೇಳಿದಳು: “ಮಾತು ಸುಳ್ಳಿತ್ತು. ನಾ ನಕ್ಕಿದ್ದು ಖರೇ ಇತ್ತು. ಅದನ್ನ ನೆನಪಿಟ್ಟು ಹುಡುಕು.”

ಗುರಣ್ಣ ಹರಗೋಲನ್ನು ದಂಡೆಯಲ್ಲಿ ಬೋರಲು ಹಾಕಿ ಹುಡುಕಲು ಹೊರಟ.

ಮೊದಲು ಯಾದಗಿರಿ ಸ್ಟೇಷನ್ನಿನ ಎದುರು ಬಾಷುಮಿಯಾನ ಚಹಾ ಹೋಟೆಲು. ಊರಿಗೆ ಚಹಾ ಮೊದಲು ಯಾರು ತಂದರು ಎಂದು ಕೇಳಿದ. ಬಾಷುಮಿಯಾ ಎದೆ ಮುಟ್ಟಿಕೊಂಡು, “ನಮ್ಮ ಅಬ್ಬಾ. ಇದೇ ಜಾಗಾದಾಗ” ಎಂದ. ಮೂಲೆಯಲ್ಲಿದ್ದ ಹಮಾಲನೊಬ್ಬ ಬಸಿಯಲ್ಲಿ ಚಹಾ ಊದುತ್ತ, “ನಿಮ್ಮ ಅಬ್ಬಾ ಹುಟ್ಟೋಕಿಂತ ಮೊದಲ ಇಂಜಿನ್ ಡ್ರೈವರ್ ಒಬ್ಬಾಂವ ಇಂಜಿನ್ನಿನ ಬಿಸಿನೀರಾಗ ಕುದಿಸಿ ಕುಡಿದಾನ” ಎಂದ. “ನೀ ನೋಡೀಯೇನು?” “ನೀ ನೋಡೀಯೇನು?” ಜಗಳ ಹತ್ತಿತು. ಗುರಣ್ಣ ಎರಡು ಕಡೆಯವರಿಂದಲೂ ಚಹಾ ಕುಡಿದು ಹೊರಬಿದ್ದ.

ಶಹಾಪುರದಲ್ಲಿ ಊರ ಮಗ್ಗುಲಿಗೆ ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುವ ಗುಡ್ಡವಿದೆ. ಅದರ ಕೆಳಗೆ ಕುರಿ ಕಾಯುತ್ತಿದ್ದ ಮುದುಕಿಯನ್ನು ಕೇಳಿದ: “ಅವ್ವಾ, ಆಂವ ಯಾವಾಗ ಮಲಗಿದ?”

“ನಾ ಬರೂದ್ರೊಳಗ ಮಲಗಿಬಿಟ್ಟಿದ್ದ ತಮ್ಮಾ. ಎದ್ರ ಕೇಳಿ ಹೇಳ್ತೀನಿ, ಜರಾ ಕುಂದ್ರು.”

ಸುರಪುರದಲ್ಲಿ ಚಿತ್ರಗಾರ ಅಯ್ಯಪ್ಪಜ್ಜನಿದ್ದ. ಚಿತ್ರಕ್ಕೆ ಬಂಗಾರದ ರೇಕು ಹಚ್ಚುವ ಮನೆತನ. ಉಸಿರು ತಾಕಿದರೆ ರೇಕು ಹಾರುತ್ತದೆಂದು ಅಜ್ಜ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದ. ಹಾಗಾಗಿ ಒಂದು ಪ್ರಶ್ನೆಗೆ ಉತ್ತರ ಬರಲು ಬಹಳ ಹೊತ್ತು. ಬಂಗಾರ ಹಚ್ಚುವುದನ್ನು ಶುರು ಮಾಡಿದವರು ಯಾರು ಎಂದು ಗುರಣ್ಣ ಕೇಳಿದ.

ಅಜ್ಜ ರೇಕು ಕೂರಿಸಿ ಉಸಿರು ಬಿಟ್ಟು, “ನಮ್ಮ ಮುತ್ತಜ್ಜ” ಎಂದ.

“ಕಂಡವರು?”

“ನಮ್ಮಜ್ಜ ಕಂಡೀನಿ ಅಂತಿದ್ದ.”

“ಹಂಗಾದ್ರ ಖರೇ!”

“ಆಂವ ಭಾಳ ಸುಳ್ಳು ಹೇಳ್ತಿದ್ದ” ಎಂದು ಅಜ್ಜ ಮತ್ತೆ ಬಾಗಿದ. ಗುರಣ್ಣನ ಮುಖ ನೋಡಿ ಕರುಣೆ ಬಂದಿರಬೇಕು. “ತಮ್ಮಾ, ಮೂಲ ಅನ್ನೋದು ಯಾರೂ ನೋಡಲಾರದಾಗ ಆಗಿರ್ತದ. ನಾಕು ಮಂದಿ ನೋಡಿದ್ರ ಅದಕ್ಕ ಮೂಲ ಅನ್ನಂಗಿಲ್ಲ, ಸುದ್ದಿ ಅಂತಾರ.”

ಪಂಚಮಿಯ ದಿನ ಗುರಣ್ಣ ಬರಿಗೈಯಲ್ಲಿ ಗೋಗಿಗೆ ಬಂದ. ದಾರಿಯಲ್ಲಿ ಒಂದು ಚಂದದ ಸುಳ್ಳು ಕಟ್ಟಿಕೊಂಡು ಹೋಗಬಾರದೇಕೆ ಎಂದು ಮನಸ್ಸು ಕೇಳುತ್ತಲೇ ಇತ್ತು. ಹೆಜ್ಜೆಗೊಂದು ಸಾಕ್ಷಿ ಸಮೇತ ಕಟ್ಟಬಲ್ಲವನು ಅವನು. ಆದರೆ ಬಾವಿಯ ಹತ್ತಿರದ ಮಾತು ಕಾಲಿಗೆ ತೊಡರುತ್ತಿತ್ತು.

ಮಲ್ಕಪ್ಪನ ಮನೆ ಮುಂದಿನ ಬೇವಿನ ಮರದ ಕೆಳಗೆ ಓಣಿಯೇ ನೆರೆದಿತ್ತು. ಎರಡು ವರ್ಷದ ಹಬ್ಬವನ್ನು ಒಂದೇ ದಿನ ಮಾಡುವವರ ಹಾಗೆ ಹೆಣ್ಣುಮಕ್ಕಳು ಕಿರುಚುತ್ತಿದ್ದರು. ಎಲ್ಲರ ಕೈಯಲ್ಲಿ ಹುರಿದ ಜೋಳದ ಅಳ್ಳು, ಎಳ್ಳುಂಡಿ. ಪಕ್ಕದ ಮನೆಯ ಲಾಡ್ಲೇಸಾಬ ಕೊಂಬೆಯ ಮೇಲೆ ಕೂತು ಹಗ್ಗ ಬಿಗಿಯುತ್ತಿದ್ದ. ಆ ಮರಕ್ಕೆ ಪ್ರತಿ ವರ್ಷ ಪುಂಡಿನಾರಿನ ಹಗ್ಗ ಹೊಸೆದು ಕೊಡುವವನು ಅವನೇ.

ಗುರಣ್ಣ ನೇರವಾಗಿ ಮಲ್ಕಪ್ಪನ ಎದುರು ನಿಂತ. “ಸಿಗಲಿಲ್ರಿ ಕಾಕಾ. ಮೂರೂ ಊರು ತಿರುಗಿದೆ. ಎಲ್ಲಾರೂ ನನ್ನಂಥವರೇ ಇದ್ದಾರ.”

ಮಲ್ಕಪ್ಪ ತಲೆದೂಗಿದ. “ಈಗ ಖರೇ ಹೇಳಿದಿ. ಸಂತೋಷ. ಆದ್ರ ನಾ ಕೇಳಿದ್ದು ಇದಲ್ಲ. ಉಂಡಿ ತಿಂದು ಹೋಗು.”

ಬಾಗಿಲಲ್ಲಿ ನಿಂತಿದ್ದ ಸುಗಲಮ್ಮ ಒಳಗೆ ಹೋದಳು. ಅವಳ ಹಿಂದೆ ಅವಳ ಸೋದರತ್ತೆ ಸಾಯಬಮ್ಮ, ಮಲ್ಕಪ್ಪನ ಅಕ್ಕ, ಪಂಚಮಿಗೆ ತವರಿಗೆ ಬಂದವಳು. ಒಳಗೆ ಏನು ಮಾತಾಯಿತೋ, ಸಾಯಬಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

ಅಷ್ಟರಲ್ಲಿ ಲಾಡ್ಲೇಸಾಬ ಮರದಿಂದ ಕೂಗಿದ: “ಮಲ್ಕಪ್ಪಣ್ಣಾ, ಬರ್ರಿ! ಎರಡು ವರ್ಷದ ಹಗ್ಗ ಒಂದರಾಗ ಹೊಸೆದೀನಿ. ಮರದ ಯಜಮಾನ ಕುಂತು ನೋಡಬೇಕು.”

ಹಗ್ಗ ತಾಳುತ್ತದೋ ಇಲ್ಲವೋ ಎಂದು ಮರದ ಯಜಮಾನ ಮೊದಲು ಕೂತು ನೋಡಿ, ಆಮೇಲೆ ಹೆಣ್ಣುಮಕ್ಕಳಿಗೆ ಬಿಡುವುದು ಅಲ್ಲಿಯ ರೂಢಿ. ಸುಮ್ಮನೆ ಕೂತು ಏಳುವ ಕೆಲಸ. ಮಲ್ಕಪ್ಪ ಹಲಗೆಯ ಮೇಲೆ ಕೂತ. ಎದ್ದಿದ್ದರೆ ಮುಗಿಯುತ್ತಿತ್ತು. ಆದರೆ ನಡುವೆ ಒಂದು ವರ್ಷ ಹಬ್ಬ ತಪ್ಪಿ ಅವನಿಗೆ ಅಭ್ಯಾಸ ಹೋಗಿತ್ತು. ಪಾದ ನೆಲದಿಂದ ಎತ್ತಿಬಿಟ್ಟ. ಕಾಲು ಎತ್ತಿದರೆ ಆಟಕ್ಕೆ ಇಳಿದ ಹಾಗೆ. ಜೋಕಾಲಿಯ ಕಾನೂನು ಎಲ್ಲರಿಗೂ ಗೊತ್ತು: ಹೆಂಗಸಾದರೆ ಗಂಡನ ಹೆಸರು, ಗಂಡಸಾದರೆ ಹೆಂಡತಿಯ ಹೆಸರು ಕೂಗಿ ಹೇಳುವ ತನಕ ಜೀಕುವವರು ಜೋಕಾಲಿ ನಿಲ್ಲಿಸುವುದಿಲ್ಲ.

“ಕಾಲೆತ್ಯಾನ!” ಎಂದು ಸಾಯಬಮ್ಮ ಹಿಂದಿನಿಂದ ಹಲಗೆ ನೂಕಿದಳು. ಹುಡುಗಿಯರೆಲ್ಲ ಬಂದು ಹಗ್ಗ ಹಿಡಿದರು. ಮಲ್ಕಪ್ಪ ಆಕಾಶಕ್ಕೆ ಹೋದ.

“ಏ ಅಕ್ಕಾ! ಹುಚ್ಚಿ! ಬಿಡು!”

“ಹೆಸರು ಹೇಳು, ಹೆಸರು!” ಎಂದು ಹುಡುಗಿಯರು ಕೂಗಿ, ತಟ್ಟನೆ ನಾಲಿಗೆ ಕಚ್ಚಿಕೊಂಡರು. ಹೋದವಳ ಹೆಸರನ್ನು ಆಟದಲ್ಲಿ ಹೇಗೆ ಕೇಳುವುದು? ಹಾಗೆಂದು ಹೆಸರಿಲ್ಲದೆ ಇಳಿಸುವ ಹಾಗೂ ಇಲ್ಲ.

ಸಾಯಬಮ್ಮ ಇನ್ನೊಂದು ನೂಕು ಕೊಟ್ಟಳು. “ಹೆಂಡ್ತಿ ಹೆಸರು ಬ್ಯಾಡ. ಅಳಿಯನ ಹೆಸರು ಹೇಳು!”

“ಅಳಿಯನ ಹೆಸರು! ಅಳಿಯನ ಹೆಸರು!” ಓಣಿಯೇ ಹಾಡಿತು.

“ರಾಮಸಮುದ್ರದಾಂವಾ...” ಮೇಲಿನಿಂದ ಕೂಗು ಬಂತು.

“ಊರ ಹೆಸರು ಯಾರು ಕೇಳ್ಯಾರ? ಮನಷ್ಯಾನ ಹೆಸರು!”

ಮಲ್ಕಪ್ಪ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಆ ಹುಡುಗನ ಹೊಲ ಎಲ್ಲಿದೆ, ಎತ್ತು ಎಂಥವು ಎಂದೆಲ್ಲ ವಿಚಾರಿಸಿದ್ದ. ಹೆಸರು ಕೇಳಿಯೇ ಇರಲಿಲ್ಲ! ಜೋಕಾಲಿ ಏರಿತು, ಇಳಿಯಿತು. ಬೇವಿನ ಮರ ಕೆಳಗೆ, ಮನೆ ಮೇಲೆ. ರುಮಾಲು ಬಿಚ್ಚಿ ಗಾಳಿಯಲ್ಲಿ ಹಾರಿತು. “ನೋಡ್ರೇ, ಉಂಡಿ ಬಿದ್ದೀತು, ಹಿಡೀರಿ!” ಎಂದು ಕೆಳಗೆ ಯಾವಳೋ ಕೂಗಿದಳು. ಅದು ಕಿವಿಗೆ ಬಿದ್ದಿದ್ದೇ ಮಲ್ಕಪ್ಪನ ತಲೆಯಲ್ಲಿ ಉಳಿದಿದ್ದ ಒಂದೇ ಹೆಸರು, ಎರಡು ವರ್ಷದಿಂದ ಹಗಲೂ ರಾತ್ರಿ ಬೈಯುತ್ತಿದ್ದ ಹೆಸರು, ಹೊಟ್ಟೆಯಿಂದ ಎದ್ದು ಬಂತು:

“ಗುರಣ್ಣಾ! ಆ ಸುಳ್ಳ ಗುರಣ್ಣಾ!”

ಹಗ್ಗ ನಿಂತಿತು. ಮಲ್ಕಪ್ಪ ಇಳಿದು ನೆಲದ ಮೇಲೆ ಕೂತ. ನೆಲ ಇನ್ನೂ ತಿರುಗುತ್ತಿತ್ತು, ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಿದ್ದ. ಹರಗೋಲಿನಲ್ಲಿ ತಲೆ ತಿರುಗಿದವರನ್ನು ಕಂಡು ಗೊತ್ತಿದ್ದ ಗುರಣ್ಣ ಓಡಿಬಂದು ಅವನ ಎದುರು ಕುಕ್ಕರಗಾಲಲ್ಲಿ ಕೂತು, “ನನ್ನ ಮಾರಿ ಒಂದ ನೋಡ್ರಿ, ಬ್ಯಾರೆ ಏನೂ ನೋಡಬ್ಯಾಡ್ರಿ, ಇಳೀತದ” ಎಂದ. ಮಲ್ಕಪ್ಪ ಬೇರೆ ದಾರಿಯಿಲ್ಲದೆ ಅದೇ ಮುಖ ನೋಡುತ್ತ ಕೂತ.

“ಮಾವ, ಮೂಲ ಸಿಕ್ತು” ಎಂದ ಗುರಣ್ಣ ಮೆಲ್ಲಗೆ. “ಜೋಕಾಲಿ ಮ್ಯಾಲ ಅಳಿಯನ ಹೆಸರು ಹೇಳೋ ಪದ್ಧತಿ. ಯಾರು ಶುರು ಮಾಡಿದ್ರು? ನೀವು. ಯಾವಾಗ? ಈಗ. ಕಂಡವರು? ನೋಡ್ರಿ, ಇಡೀ ಓಣಿ ನಿಂತದ.”

ಲಾಡ್ಲೇಸಾಬ ಕೊಂಬೆಯ ಮೇಲಿನಿಂದ, “ನಾ ಮ್ಯಾಲಿಂದ ಸಾಫ್ ನೋಡೀನಿ!” ಎಂದು ಕೈ ಎತ್ತಿದ.

ಮಲ್ಕಪ್ಪ ಇದರಲ್ಲಿ ಸುಳ್ಳು ಎಲ್ಲಿದೆಯೆಂದು ಹುಡುಕಿದ. ಹುಡುಕಿ ಹುಡುಕಿ ಸೋತ. ಅವನು ಸುಳ್ಳು ಹೇಳಲಾರದವನು. ಆ ಹೊತ್ತಿನಲ್ಲಿ ಅವನಿಗೆ ಅದೇ ಉರುಲಾಯಿತು. “ಬಾಯಿಲೆ ಅಂದೀನಿ. ಅಂದದ್ದು ಅಂದೆ” ಎಂದು ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲ ಕಡೆಗೆ ನಡೆದ. ಬಾಗಿಲಲ್ಲಿ ಸುಗಲಮ್ಮ ಈ ಸಲ ಸೆರಗನ್ನು ಬಾಯಿಗೆ ಹಿಡಿಯದೆ ನಗುತ್ತಿದ್ದಳು.

ಮರುವರ್ಷ ಲಾಡ್ಲೇಸಾಬ ತನ್ನ ಮಗಳಿಗೆ ಗಂಡು ನೋಡುವಾಗ ತಾನೇ ಜೋಕಾಲಿ ಹತ್ತಿದ. ಆಮೇಲೆ ಆ ಓಣಿಯಲ್ಲಿ ಹೆಣ್ಣು ಕೊಡುವ ಅಪ್ಪಂದಿರೆಲ್ಲ ಬೇವಿನ ಮರಕ್ಕೆ ಬರಲೇಬೇಕಾಯಿತು.

ಗುರಣ್ಣ ಹೋದ ಮೂರನೆಯ ದಿನ ಮನೆಯಲ್ಲಿ ಜನ ಸುಮ್ಮನೆ ಕೂತಿದ್ದರು. ಶಹಾಪುರದಿಂದ ಬಂದ ನೆಂಟರೊಬ್ಬರು, ಸಾಲೆಯ ಮಾಸ್ತರರು, ಮೌನ ತಾಳಲಾರದೆ ಜೋಕಾಲಿಯ ವಿಷಯ ತೆಗೆದರು. ಅಳಿಯನ ಹೆಸರು ಕೂಗುವ ಪದ್ಧತಿ ದೊರೆಗಳ ಕಾಲದ್ದು, ಸ್ವಯಂವರದಿಂದ ಬಂದದ್ದು ಎಂದು ನಿಧಾನವಾಗಿ ವಿವರಿಸಿದರು.

ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಸುಗಲಮ್ಮ ಮುಖ ಎತ್ತಿದಳು. “ಹೌದೇನಪಾ? ಹಂಗಾದ್ರ ಆ ದೊರಿ ನಮ್ಮಪ್ಪ. ಜೋಕಾಲಿ ಇಳದು ಹಿತ್ತಲಾಗ ವಾಂತಿ ಮಾಡ್ಕೊಂಡ.”

ಸೂತಕದ ಮನೆ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ನಗುತ್ತಲೇ ಮುಖ ಮುಚ್ಚಿಕೊಂಡಳು. ಮಾಸ್ತರರು ಮಾತ್ರ ನಂಬಲಿಲ್ಲ. ದುಃಖದಲ್ಲಿ ಹೆಣ್ಣುಮಗಳು ಏನೋ ಅಂದಳೆಂದು ತಿಳಿದರು.

ಗುರಣ್ಣ ಇದ್ದಿದ್ದರೆ ಮಾಸ್ತರರ ಪಕ್ಷವನ್ನೇ ವಹಿಸುತ್ತಿದ್ದ. ಆ ದೊರೆಯ ಕುದುರೆಯ ಬಣ್ಣ ಯಾವುದು ಎಂದೂ ಹೇಳುತ್ತಿದ್ದ.