ಮುಖ ತಿರುಗಿಸದವನು

ನನ್ನ ತಮ್ಮ ಕುಡಿಯೋದಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಹಿರಿಯೂರಿನ ಅರ್ಧ ಜನಕ್ಕೆ ಅವನು ಕುಡುಕ. ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ಅವನು ಗೋಡೆ ಹಿಡ್ಕೊಂಡು ನಡೆದು ಬರೋದು ನೋಡಿ ನಗೋರ ಜೊತೆ ನಾನು ಎಷ್ಟು ಸಲ ಜಗಳ ಆಡಿದ್ದೀನೋ ನನಗೇ ನೆನಪಿಲ್ಲ. "ಏನ್ ಮೇಡಮ್ಮೋರೆ, ಬೆಳಗ್ಗೇನೇ ಹಾಕ್ಕಂಡವ್ನೆ" ಅಂತ ಒಬ್ಬ ಅಂಗಡಿಯವನು ಹಲ್ಲು ಕಿರಿದಾಗ, "ಬಾರಲೇ ಇಲ್ಲಿ, ಅವನ ಬಾಯಿ ಮೂಸಿ ನೋಡು" ಅಂತ ನಡುಬೀದೀಲಿ ಅವನ ಕೊರಳಪಟ್ಟಿ ಹಿಡಿದಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೋರು ಹಿಂಗೆ ಮಾಡ್ತಾರಾ ಅಂತ ಮನೆಯವರು ಬೈದ್ರು. ಮಾಡಬಾರದು, ನಿಜ. ಇನ್ನೊಂದು ಸಲ ಯಾರಾದ್ರೂ ಅಂದ್ರೆ ಇನ್ನೊಂದು ಸಲ ಮಾಡ್ತೀನಿ.

ಅವನ ನಾಲಿಗೆ ತೊದಲೋದು, ಕಾಲು ಎಡವೋದು, ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಮರೆಯೋದು, ಎಲ್ಲಾ ತಲೆಗೆ ಬಿದ್ದ ಏಟಿನಿಂದ. ಹತ್ತು ವರ್ಷ ಬಾಕ್ಸಿಂಗ್ ಆಡಿದವನು ಅವನು. ಹೊಡೆದೋರು ಎದುರಾಳಿಗಳು. ಹೊಡೆಸಿದೋರು ಮಾತ್ರ ನಾವು, ಮನೆಯವರು. ಅದಕ್ಕೇ ನನಗೆ ಇಷ್ಟು ಸಿಟ್ಟು.

ನಮ್ಮದು ಹರಿಯಬ್ಬೆ ಕಡೆ. ಅಪ್ಪನಿಗೆ ಕುರಿಹಿಂಡು ಇತ್ತು, ಅದರ ಜೊತೆ ಕಾಳಗಕ್ಕೆ ಅಂತಲೇ ಸಾಕಿದ ಎರಡು ಟಗರು. ಟಗರುಗಳಿಗೆ ನೆನೆಸಿದ ಹುರುಳಿ, ಕೊಬ್ಬರಿ, ಹಸಿ ಮೊಟ್ಟೆ. ನಮಗೆ ಮುದ್ದೆ, ಕಾಳಿನ ಸಾರು. ಕಾಳಗ ನೋಡಿದೋರಿಗೆ ಗೊತ್ತು, ಎರಡು ಟಗರು ದೂರದಿಂದ ಓಡಿಬಂದು ಹಣೆಗೆ ಹಣೆ ಗುದ್ದುತ್ತವೆ, ಮತ್ತೆ ಹಿಂದಕ್ಕೆ ಹೋಗುತ್ತವೆ, ಮತ್ತೆ ಗುದ್ದುತ್ತವೆ. ಯಾವುದು ಮೊದಲು ಮುಖ ತಿರುಗಿಸುತ್ತೋ ಅದು ಸೋತಂಗೆ. ಅಪ್ಪ ಅಂಥ ಟಗರನ್ನ ಮತ್ತೆ ಮನೆಗೆ ಹೊಡ್ಕೊಂಡು ಬರ್ತಿರಲಿಲ್ಲ. ಅಲ್ಲಿಂದಲೇ ಕಟುಕರಿಗೆ. ನಮ್ಮ ಮನೇಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಪರೀಕ್ಷೇಲಿ ಫೇಲಾದ ದೊಡ್ಡಪ್ಪನ ಮಗನಿಗೂ ಅಪ್ಪ ಅಂದದ್ದು ಅದೇ, "ಮುಖ ತಿರುಗಿಸ್ದ ನೋಡು."

ಎಮರ್ಜೆನ್ಸಿ ಮುಗಿದ ಹೊಸದು. ನಾನು ಟೀಚರ್ ಟ್ರೈನಿಂಗಿಗೆ, ಅವನು ಕಾಲೇಜಿಗೆ ಅಂತ ಹಿರಿಯೂರಲ್ಲಿ ಒಂದು ರೂಮು ಮಾಡ್ಕೊಂಡಿದ್ವಿ. ಅಲ್ಲಿ ಮಿಲಿಟರಿಯಿಂದ ರಿಟೈರಾಗಿ ಬಂದ ಮಾಸ್ತರೊಬ್ಬರು ಮರಳು ಹಾಸಿ, ನಾಲ್ಕು ಗೂಟ ನೆಟ್ಟು, ಹಗ್ಗ ಬಿಗಿದು ಹುಡುಗರಿಗೆ ಬಾಕ್ಸಿಂಗ್ ಕಲಿಸ್ತಿದ್ರು. ಇವನು ಹೋಗಿ ಸೇರ್ಕೊಂಡ. ಮಾಸ್ತರ ಮೊದಲನೇ ಪಾಠ ಹೊಡೆಯೋದಲ್ಲ. ಎದೆ ಎತ್ತರಕ್ಕೆ ಒಂದು ಹಗ್ಗ ಅಡ್ಡ ಕಟ್ಟಿ, ಅದರ ಕೆಳಗೆ ತಲೆ ತಗ್ಗಿಸಿ ಆ ಕಡೆ ಏಳೋದು, ಮತ್ತೆ ತಗ್ಗಿಸಿ ಈ ಕಡೆ ಏಳೋದು. ದಿನಾ ಅದೇ. "ಎರಡು ಥರ ಆಡಬೋದು" ಅಂತ ಅವರು ಹೇಳೋರು. "ದೂರ ನಿಂತು ಎಡಗೈ ಚಾಚಿ ಹೊಡೆದು ಸರಿಯೋದು ಒಂದು. ಎದುರಿಗೆ ನುಗ್ಗಿ, ಮೂರು ತಿಂದು ಒಂದು ಕೊಡೋದು ಇನ್ನೊಂದು. ಎರಡನೇದಕ್ಕೆ ಜನ ಚಪ್ಪಾಳೆ ಹೊಡೀತಾರೆ. ನೀವು ಮೊದಲನೇದು ಕಲೀರಿ."

ಇವನು ಮೊದಲನೇದನ್ನೇ ಕಲಿತ. ಎಷ್ಟು ಚೆನ್ನಾಗಿ ಕಲಿತಿದ್ದ ಅಂದ್ರೆ, ಬೀಸಿದೋನ ಕೈ ಗಾಳಿಗೆ ಹೋಗೋದು, ಇವನು ಪಕ್ಕದಲ್ಲಿ ನಿಂತು ನಗೋನು. ಹದಿನೇಳು ವರ್ಷದ ಹುಡುಗ. ಆ ನಗು ಈಗಲೂ ಕಣ್ಣಿಗೆ ಕಟ್ಟಿದಂಗೆ ಐತೆ.

ಮೊದಲನೇ ಪಂದ್ಯ ಆಗಸ್ಟ್ ಹದಿನೈದರ ಕ್ರೀಡಾಕೂಟದಲ್ಲಿ. ಅಪ್ಪ ಶೇಂಗಾ ಲಾರಿ ಹತ್ತಿ ಊರಿಂದ ಹತ್ತು ಜನ ಕರ್ಕೊಂಡು ಬಂದಿದ್ದ. ಮುಖದ ಮೇಲೆ ಒಂದು ಏಟೂ ಬೀಳದಂಗೆ ತಲೆ ತಪ್ಪಿಸಿ, ಸರಿದು ಸರಿದು ಹೊಡೆದು ತಮ್ಮ ಗೆದ್ದ. ಮಾಸ್ತರು ಕುಣಿದಾಡಿಬಿಟ್ರು. ಅಪ್ಪ ಕಂಬಳಿ ಹೆಗಲಿಗೆ ಹಾಕ್ಕೊಂಡು, ಕಪ್ಪು ಈಸ್ಕೊಳ್ಳೋದನ್ನೂ ನೋಡದೆ ಎದ್ದು ಹೋದ. ನಾನು ಹಿಂದೆ ಓಡಿದ್ರೆ, "ಹತ್ತು ಜನರ ಮುಂದೆ ನನ್ನ ಮಾನ ಕಳೆದ. ಎಷ್ಟು ಸಲ ಮುಖ ತಿರುಗಿಸ್ದ ನೋಡಿದ್ಯಾ? ಇಂಥ ಗೆಲುವು ನಂಗೆ ಬ್ಯಾಡ" ಅಂದ.

ಅಪ್ಪ ಏನೋ ಹಂಗಂದ, ಅವನು ಕುರಿ ಕಾಯೋನು, ಅವನಿಗೆ ಗೊತ್ತಿದ್ದದ್ದು ಟಗರು. ನಾನು? ಪುಸ್ತಕ ಓದಿದೋಳು, ಮಾಸ್ತರ ಪಾಠ ಕಿವಿಯಾರೆ ಕೇಳಿದೋಳು. ಊಟಕ್ಕೆ ಕೂತಾಗ ಮುದ್ದೆ ಹಾಕ್ತಾ, "ಅಷ್ಟು ಭಯ ಏನ್ಲೇ ನಿಂಗೆ?" ಅಂತ ಕೇಳಿದೆ. ತಮಾಷೆಗೆ ಅಂದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳ್ಕೊಂಡಿದ್ದೀನಿ. ತಮಾಷೆಗಲ್ಲ. ನನಗೂ ನಾಚಿಕೆ ಆಗಿತ್ತು. ಅವನು ಮುದ್ದೆ ಮುರಿಯದೆ ಕೈ ತೊಳ್ಕೊಂಡ.

ಮುಂದಿನ ಪಂದ್ಯದಿಂದ ಅವನು ತಲೆ ತಪ್ಪಿಸಲಿಲ್ಲ. ಅಪ್ಪ ಟಗರಿನ ಕೊಂಬಿನ ಬುಡಕ್ಕೆ ಹಚ್ಚೋ ಬೇವಿನೆಣ್ಣೆ ಅರಿಶಿನವನ್ನ ಬಿಸಿ ಮಾಡಿ ಇವನ ಹಣೆಗೆ ತಿಕ್ಕಿ ಕಳಿಸೋನು, ಗಟ್ಟಿಯಾಗುತ್ತೆ ಅಂತ! ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಪಂದ್ಯ ಇದ್ರೂ "ಟಗರು ಬಂತು, ಟಗರು" ಅಂತ ಜನ ಕೂಗೋರು. ಕೈ ಕೆಳಗೆ ಬಿಟ್ಕೊಂಡು ಮುಖ ಮುಂದಿಟ್ಟು ನಡೆದು ಹೋಗೋನು. ಧಡ್ ಧಡ್ ಅಂತ ಹೊಡೆಸ್ಕೊಳ್ಳೋನು. ಆಮೇಲೆ ಇವನದೊಂದು ಕೈ ಬಿದ್ರೆ ಎದುರಿನೋನು ಮಲಗೋನು. ಒಂದೇ ಒಂದು ಸಲಾನೂ ಇವನು ನೆಲ ಮುಟ್ಟಲಿಲ್ಲ. ಗಂಡಸರ ಮಧ್ಯೆ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದೋಳು ನಾನು.

ಮಾಸ್ತರು ಒಂದು ದಿನ ರೂಮಿಗೆ ಬಂದ್ರು. "ನೀನು ಓದಿದೋಳಮ್ಮ, ನೀನಾರ ಹೇಳು. ಅವನು ಬೀಳ್ತಿಲ್ಲವಲ್ಲ, ಅದೇ ನನಗೆ ಭಯ. ಬಿದ್ದೋನಿಗೆ ಆಟ ನಿಲ್ಲಿಸ್ತಾರೆ. ಇವನಿಗೆ ಯಾರು ನಿಲ್ಲಿಸ್ತಾರೆ?" ಅಂದ್ರು. ಟೀ ಕೊಟ್ಟು ಕಳಿಸಿದೆ. ಅಪ್ಪನಿಗೆ ಅದನ್ನ ನಗ್ತಾ ಹೇಳಿದೆ ಕೂಡ. ಆಮೇಲೆ ಮಾಸ್ತರ ಮನೇಲಿ ಕಪ್ಪುಗಳ ಸಾಲು ಬೆಳೀತು, ಪೇಪರಲ್ಲಿ ಅವರ ಫೋಟೋ ಬಂತು, ಅವರೂ ಬಾಯಿ ಮುಚ್ಕೊಂಡ್ರು. ಗೊತ್ತಿಲ್ಲದೆ ಮಾಡಿದ ಅಪ್ಪನಿಗಿಂತ, ಗೊತ್ತಿದ್ದೂ ಸುಮ್ಮನಾದ ಆ ಮಾಸ್ತರ ಮೇಲೆ ನನಗೆ ಹೆಚ್ಚು ಸಿಟ್ಟು.

ಪಂದ್ಯ ಆಡಿ ಬಂದ ಮಾರನೇ ದಿನ ಅವನು ಕಿಟಕಿ ಮುಚ್ಚಿಸಿ, ಒದ್ದೆ ಬಟ್ಟೆ ಹಣೆ ಮೇಲೆ ಹಾಕ್ಕೊಂಡು ಮಲಗೋನು. ಕೇಳಿದ್ದನ್ನೇ ಎರಡು ಸಲ ಕೇಳೋನು. ಸುಸ್ತು ಅಂದ್ಕೊಂಡ್ವಿ. ಥೂ ನಮ್ಮ ಬುದ್ಧಿಗಿಷ್ಟು! ಟಗರಿನ ತಲೆ ಬೇಯಿಸೋಕೆ ಮೊದಲು ಅವ್ವ ಅದನ್ನ ಕೊಡ್ಲಿಯಲ್ಲಿ ಒಡೆಯೋಳು. ನಾಲ್ಕೈದು ಏಟು ಹಾಕದೆ ಆ ಮೂಳೆ ಬಿರುಕು ಬಿಡ್ತಿರಲಿಲ್ಲ. ಅದೇ ಅವ್ವ ಎಳೇ ಮಗುವಿನ ನೆತ್ತಿಗೆ ಎಣ್ಣೆ ಇಡುವಾಗ ಬೆರಳು ಊರದಂಗೆ ಇಡೋಳು. ಎರಡನ್ನೂ ಒಂದೇ ಮನೇಲಿ ಕಣ್ಣಾರೆ ಕಂಡು ಬೆಳೆದೋರು ನಾವು. ಇನ್ನೊಂದು ಹೇಳ್ತೀನಿ ಕೇಳ್ರಿ, ಒಂದು ಕಾಳಗ ಆದ್ಮೇಲೆ ಅಪ್ಪ ಟಗರನ್ನ ಎರಡು ತಿಂಗಳು ಇನ್ನೊಂದು ಕಾಳಗಕ್ಕೆ ಬಿಡ್ತಿರಲಿಲ್ಲ, ಹಣೆ ಮಾಗಲಿ ಅಂತ. ತಮ್ಮನನ್ನ ಹದಿನೈದು ದಿನಕ್ಕೆ ಮತ್ತೆ ಇಳಿಸ್ತಿದ್ವಿ.

ಆಟದ ಹೆಸರಲ್ಲೇ ಅವನಿಗೆ ಒಂದು ಕಾರ್ಖಾನೇಲಿ ಗೇಟಿನ ಕೆಲಸ ಸಿಕ್ತು. ಬಾಕ್ಸಿಂಗ್ ಬಿಟ್ಟ, ಮದುವೆ ಆದ, ಮಗಳು ಹುಟ್ಟಿದಳು. ಎಲ್ಲಾ ಸರಿ ಇತ್ತು ಅನ್ನೋ ಹೊತ್ತಿಗೆ, ನಲವತ್ತು ದಾಟಿದ ಮೇಲೆ ಶುರುವಾಯ್ತು. ಒಳಗೆ ಬರೋ ಲಾರಿ ನಂಬರು ಬರೆಯುವಾಗ ಅಂಕಿ ಅದಲು ಬದಲು. ಮಾತಾಡ್ತಾ ಆಡ್ತಾ ಪದ ಸಿಗದೆ ನಿಲ್ಲೋನು. ಸುಮ್ಮಸುಮ್ಮನೆ ಸಿಟ್ಟು, ಆಮೇಲೆ ಅಳು. ಒಂದು ಮಧ್ಯಾಹ್ನ ಗೇಟು ತೆರೆದಂಗೇ ಬಿಟ್ಟು ಮನೆಗೆ ನಡ್ಕೊಂಡು ಬಂದುಬಿಟ್ಟ. ಕೆಲಸದ ಹೊತ್ತಲ್ಲಿ ಕುಡಿದಿದ್ದ ಅಂತ ಕಾರ್ಖಾನೆಯಿಂದ ನೋಟಿಸು ಬಂತು. ವಿಚಾರಣೇಲಿ ಅದು ಸಾಬೀತಾದ್ರೆ ಕೆಲಸದ ಜೊತೆ ಆಸ್ಪತ್ರೆ ಕಾರ್ಡೂ ಹೋಗುತ್ತೆ. ಆ ಕಾರ್ಡು ಇಲ್ಲದೆ ಅವನಿಗೆ ಔಷಧಿ ಕೊಡಿಸೋ ಶಕ್ತಿ ನಮಗೆ ಯಾರಿಗೂ ಇರಲಿಲ್ಲ.

ಅವನನ್ನ ಬೆಂಗಳೂರಿಗೆ ಕರ್ಕೊಂಡು ಹೋದೆ. ಡಾಕ್ಟರು ನಡೆಸಿ ನೋಡಿದ್ರು, ಬರೆಸಿ ನೋಡಿದ್ರು, ತಲೆಯ ಒಳಗಿನ ಫೋಟೋ ತೆಗೆಸಿದ್ರು. "ತಲೆಗೆ ಪೆಟ್ಟಾಗಿತ್ತಾ?" ಅಂತ ಕೇಳಿದ್ರು. ನಾನು ಎದೆ ಉಬ್ಬಿಸಿ, "ಇಲ್ಲ ಸಾರ್, ಬಾಕ್ಸಿಂಗಲ್ಲಿ ಒಂದು ಸಲಾನೂ ಕೆಳಗೆ ಬಿದ್ದೋನಲ್ಲ" ಅಂದೆ.

"ಬಿದ್ದಿದ್ದು ಕೇಳಲಿಲ್ಲಮ್ಮ" ಅಂದ್ರು ಅವರು. "ಹೊಡೆಸ್ಕೊಂಡಿದ್ದು ಎಷ್ಟು ಅಂತ ಕೇಳಿದೆ."

ಒಂದೊಂದು ಏಟಿಗೂ ಬುರುಡೆ ಒಳಗೆ ಮೆದುಳು ಅಲುಗಾಡುತ್ತಂತೆ. ಹೊರಗೆ ಗಾಯ ಇರಲ್ಲ, ಪ್ರಜ್ಞೆ ತಪ್ಪಬೇಕಂತಲೂ ಇಲ್ಲ. ಸಣ್ಣ ಸಣ್ಣವೇ ಸೇರಿ ಸೇರಿ ವರ್ಷಗಳಾದ ಮೇಲೆ ಹಿಂಗೆ ತೋರ್ಕೊಳ್ಳುತ್ತೆ. ಹೋದದ್ದು ವಾಪಸ್ ಬರಲ್ಲ, ಔಷಧಿಯಿಂದ ಸಿಟ್ಟು, ನಿದ್ದೆ, ಒಂಚೂರು ಹತೋಟಿಗೆ ಬರಬೋದು ಅಂದ್ರು. ಕುಡಿತ ಅಲ್ಲ, ಏಟಿನಿಂದ ಬಂದ ಕಾಯಿಲೆ ಇರಬೇಕು ಅಂತ ಕಾಗದ ಬರೆದುಕೊಟ್ರು. ಅದನ್ನ ಹಿಡ್ಕೊಂಡು ವಿಚಾರಣೆಗೆ ಹೋದೆ.

ಮೇಜಿನ ಆ ಕಡೆ ಮೂರು ಜನ. ನಡುವಿನ ಸಾಹೇಬರು ಕಾಗದ ಓದಿ, "ನಾನೇ ಇವರ ಆಟ ನೋಡಿದ್ದೀನಿ, ಚಿತ್ರದುರ್ಗದಲ್ಲಿ. ಏನು ಗಂಡೆದೆ! ಏನಪ್ಪ, ನೀನೇ ಹೇಳು, ಏಟಿನಿಂದ ನಿನ್ನ ತಲೆಗೆ ಏನಾರ ಆಗೈತಾ?" ಅಂದ್ರು.

ತಮ್ಮ ಎದ್ದು ನಿಂತ. ಅಟೆನ್ಷನ್ನಲ್ಲಿ ನಿಂತ. "ಇಲ್ಲ ಸಾರ್. ನನಗೆ ಯಾರೂ ಏನೂ ಮಾಡಾಕೆ ಆಗಿಲ್ಲ ಸಾರ್."

"ಹಂಗಾದ್ರೆ ಅವತ್ತು ಕುಡಿದಿದ್ಯಾ?"

ಅವತ್ತು ಯಾವುದು ಅಂತಲೇ ಅವನಿಗೆ ನೆನಪಿಲ್ಲ. ಸಾಹೇಬರ ಪಕ್ಕದೋನು ಏನೋ ಬರೀತಿದ್ದ. ತಮ್ಮ ನನ್ನ ಕಡೆ ನೋಡಿ, "ಹೇಳಕ್ಕ ಇವರಿಗೆ. ಯಾರಾರ ನನ್ನ ಅಲ್ಲಾಡಿಸಿದ್ರಾ?" ಅಂದ. ಅಷ್ಟು ನಂಬಿಕೆಯಿಂದ ಕೇಳಿದ. ಹೌದು ಅಂದ್ರೆ ಅವನ ಮಾನ ಹೋಗುತ್ತೆ, ಇಲ್ಲ ಅಂದ್ರೆ ಅವನೇ ಹೋಗ್ತಾನೆ.

"ಎಲ್ಲರೂ ಅಲ್ಲಾಡಿಸಿದ್ರು ಸಾರ್" ಅಂದೆ. "ಆಡಿದ ಪ್ರತಿಯೊಬ್ಬನ ಕೈಯಲ್ಲೂ ಹೊಡೆಸ್ಕೊಂಡಿದ್ದಾನೆ. ಗೆದ್ದಾಗಲೂ ಹೊಡೆಸ್ಕೊಂಡಿದ್ದಾನೆ. ಹೊಳಲ್ಕೆರೇಲಿ ಗೆದ್ದ ಮೇಲೆ ತಾನು ಗೆದ್ದಿದ್ದೇ ಗೊತ್ತಿಲ್ಲದೆ ಕೂತಿದ್ದ, ನಾನು ಹೇಳಬೇಕಾಯ್ತು. ಗೂಟದಂಗೆ ನಿಂತು ಏಟು ತಿಂದ ಸಾರ್, ಅದನ್ನ ನೀವು ಗಂಡೆದೆ ಅಂದ್ರಿ, ನಾವೂ ಅಂದ್ವಿ. ಈಗ ಕುಡುಕ ಅನ್ನೋಕೆ ನಿಮಗೆ ನಾಚಿಕೆ ಆಗಲ್ವಾ?" ನನ್ನ ಧ್ವನಿ ಹೊರಗೆ ಗೇಟಿನವರೆಗೂ ಕೇಳಿತ್ತಂತೆ.

ಸಾಹೇಬರು ತಲೆ ತಗ್ಗಿಸಿದ್ರು. ಕೆಲಸ ಉಳೀತು, ಕಾರ್ಡೂ ಉಳೀತು, ಅವನನ್ನ ತೋಟ ನೋಡ್ಕೊಳ್ಳೋಕೆ ಹಾಕಿದ್ರು. ತಮ್ಮ ಮಾತ್ರ ವಾಪಸ್ ಬರೋ ಬಸ್ಸಲ್ಲಿ ನನ್ನ ಪಕ್ಕ ಕೂರಲಿಲ್ಲ. ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕೂತ.

ಅದಾಗಿ ಬಹಳ ವರ್ಷ ಆಯ್ತು. ಅಪ್ಪ ಸತ್ತದ್ದು ಅವನಿಗೆ ನೆನಪಿಲ್ಲ, ತನ್ನ ಮದುವೆ ನೆನಪಿಲ್ಲ. ಅವನ ಮಗಳು ದಿನಾ ಊಟದ ಹೊತ್ತಲ್ಲಿ ಒಬ್ಬೊಬ್ಬರನ್ನೇ ತೋರಿಸಿ ಇದು ಯಾರು ಅಂತ ಕೇಳ್ತಾಳೆ, ಹಂಗೆ ಕೇಳ್ತಾ ಇದ್ರೆ ಒಳ್ಳೇದು ಅಂತ ಯಾರೋ ಹೇಳಿದ್ದಾರೆ. ಮೊನ್ನೆ ನನ್ನನ್ನ ತೋರಿಸಿದಳು. ನನ್ನ ಹೆಸರು ಬರಲಿಲ್ಲ. ಅಕ್ಕ ಅನ್ನೋದೂ ಬರಲಿಲ್ಲ. ನನ್ನ ಮುಖಾನೇ ನೋಡಿ, "ನನ್ನ ಸೋಲಿಸಿದೋಳು, ಇವಳೊಬ್ಬಳೇ" ಅಂದ.

ಹೌದಪ್ಪ ಅಂತ ಅವನ ತಟ್ಟೆಗೆ ಸಾರು ಹಾಕಿದೆ.